ಹೆಚ್ಚಿಗೆ ಬರೆದ ಎರಡು ಗೆರೆ ನೀರು

ನನ್ನ ಕಾಯಿಲೆಯ ಗುಟ್ಟನ್ನು ಬಿಟ್ಟುಕೊಟ್ಟದ್ದು ಯಾವ ಸ್ಕ್ಯಾನಿಂಗೂ ಅಲ್ಲ, ಒಂದು ಕಾಫಿ ಕಡ್ಡಿ. ಹೆಗ್ಗದ್ದೆ ಹತ್ತಿರದ ನಮ್ಮ ತೋಟದಲ್ಲಿ ಕಡಿದ ಹಳೇ ರೊಬಸ್ಟಾ ಗಿಡದ ನೇರವಾದ ಕಡ್ಡಿ. ಅದರ ಮೇಲೆ ನನ್ನ ಮಗ ರೋನಿ ಚಾಕುವಿನಿಂದ ಮೂವತ್ತು ಗೆರೆ ಕೊರೆದಿದ್ದ. ನಮ್ಮ ಬೋಟಿನ ನೀರಿನ ಟ್ಯಾಂಕಿಗೆ ಅದೇ ಅಳತೆಕೋಲು.

ಬಾತ್‌ರೂಮಿನ ಬಾಗಿಲು ಹಾಕಿಕೊಂಡು, ನಲ್ಲಿಯ ಸದ್ದು ಹೊರಗೆ ಕೇಳದ ಹಾಗೆ, ಯಾರಿಗೂ ಹೇಳದೆ ಬಟ್ಟೆ ಒಗೆಯುತ್ತಿರುವ ಹೆಂಗಸು ಎಲ್ಲಾದರೂ ಒಬ್ಬಳಿದ್ದರೆ, ಇದು ಅವಳಿಗಾಗಿ. ಉಳಿದವರು ಓದಿದರೆ ಬೇಡ ಅನ್ನುವುದಿಲ್ಲ.

ನಾನು ಮಂಗಳೂರಿನ ಕಾನ್ವೆಂಟಿನಲ್ಲಿ ಬೋರ್ಡರ್ ಆಗಿ ಬೆಳೆದವಳು. ಮದುವೆಯಾಗಿ ಘಟ್ಟ ಹತ್ತಿ ಬಂದು, ಸಕಲೇಶಪುರದ ಶಾಲೆಯೊಂದರಲ್ಲಿ ಮೂವತ್ತು ವರ್ಷದ ಮೇಲೆ ಇಂಗ್ಲಿಷ್ ಕಲಿಸಿದೆ. ನನ್ನವರು, ಸೆಬಿ, ತೋಟ ನೋಡಿಕೊಂಡಿದ್ದರು. ಅವರು ತೀರಿಕೊಂಡ ಮೇಲೆ ರೋನಿ ಹಡಗಿನ ಎಂಜಿನಿಯರ್ ಕೆಲಸ ಬಿಟ್ಟು ಮನೆಗೆ ಬಂದ. ಆದರೆ ಸಮುದ್ರ ಅವನನ್ನು ಬಿಡಲಿಲ್ಲ. ಅವನ ಹೆಂಡತಿ ಶಾಲಿನಿ ಆಲೂರಿನ ಪಾಳ್ಯದ ಒಕ್ಕಲಿಗರ ಮಗಳು, ರಾಗಿ ಹೊಲದ ಹುಡುಗಿ, ಮದುವೆಯಾಗುವ ತನಕ ಸಮುದ್ರವನ್ನೇ ಕಂಡಿರದವಳು. ಅವಳು ಬಂದ ಮೇಲೆಯೇ ನಮ್ಮ ಮನೆಯಲ್ಲಿ ಕೊಂಕಣಿ ಹಿಂದೆ ಸರಿದು ಕನ್ನಡ ಮುಂದೆ ಬಂದದ್ದು. ಗಂಡ ಬೋಟಿನ ಮಾತೆತ್ತಿದಾಗ ಅವಳು, "ತಗಳ್ರಿ, ಒಂದ್ ವರ್ಷ ಹೋಗ್ ಬರನ. ತೋಟ ಏನ್ ಎದ್ದು ಓಡೋಯ್ತದಾ?" ಎಂದುಬಿಟ್ಟಳು. ತೋಟದ ಲೆಕ್ಕ ಬರೆಯುವ ರೈಟರ್ ಮಂಜಣ್ಣನಿಗೆ ತೋಟ ಒಪ್ಪಿಸಿ, ಮೊಮ್ಮಗಳು ಮಿನ್ನುವಿನ ಶಾಲೆಗೆ ಒಂದು ವರ್ಷ ಚಕ್ಕರ್ ಹೊಡೆಸಿ, ಮಲೇಷ್ಯಾದ ಲಂಕಾವಿ ದ್ವೀಪದಲ್ಲಿ ಒಂದು ಹಳೆಯ ಹಾಯಿ ಬೋಟು ಕೊಂಡರು. ಅದಕ್ಕೆ 'ಹೂಮಳೆ' ಎಂದು ಹೆಸರಿಟ್ಟದ್ದು ಒಂಬತ್ತು ವರ್ಷದ ಮಿನ್ನು. ಅಲ್ಲಿಂದ ಶ್ರೀಲಂಕಾ, ಅಲ್ಲಿಂದ ಕೊಚ್ಚಿ ಎಂದು ದಾರಿ ಹಾಕಿದರು. ಮಿನ್ನುವಿಗೆ ಪಾಠ ಹೇಳಲು ನಾನು. "ಬೇಡ ಮಮ್ಮಾ, ಕಷ್ಟ ಆಗತ್ತೆ," ಎಂದು ರೋನಿ ಹತ್ತು ಸಲ ಹೇಳಿದ್ದ. ಹಟ ಹಿಡಿದು ಹೊರಟವಳು ನಾನೇ.

ಅಷ್ಟರಲ್ಲಾಗಲೇ ನನಗೆ ರಕ್ತದ ಕಲೆ ಕಾಣಿಸಿಕೊಂಡು ಒಂದು ತಿಂಗಳಾಗಿತ್ತು.

ಕ್ರಿಸ್‌ಮಸ್ಸಿಗೆ ಇನ್ನೂ ವಾರವಿರುವಾಗ, ಚರ್ಚಿನಿಂದ ಬಂದು ಬಟ್ಟೆ ಬದಲಿಸುವಾಗ ಕಂಡದ್ದು. ಕಾಫಿ ಬೀಜದಷ್ಟು. ನನಗೆ ಅರವತ್ತೇಳು. ಆ ಅಧ್ಯಾಯ ಮುಗಿದು ಹದಿನೈದು ವರ್ಷ ದಾಟಿತ್ತು. ಅದು ಏನಿರಬಹುದು ಎಂದು ತಿಳಿಯದಷ್ಟು ದಡ್ಡಿ ನಾನಲ್ಲ, ಐ ನ್ಯೂ. ಗೊತ್ತಿದ್ದೇ ಮಡಚಿ ಇಟ್ಟೆ. ಹೇಳಿದರೆ ಪ್ರಯಾಣ ನಿಲ್ಲುತ್ತದೆ. ಅಪ್ಪನನ್ನು ಮಣ್ಣು ಮಾಡಿದ ಮೇಲೆ ರೋನಿ ಮೊದಲ ಸಲ ಸಿಳ್ಳೆ ಹಾಕುತ್ತಾ ಮನೆಯಲ್ಲಿ ಓಡಾಡುತ್ತಿದ್ದ. ಅದು ಅರ್ಧ ಕಾರಣ. ಉಳಿದರ್ಧ ನಾಚಿಕೆ. ಸಕಲೇಶಪುರದ ಮೆಡಿಕಲ್ ಶಾಪಿನ ಯೂಸುಫ್ ನನ್ನ ಸ್ಟೂಡೆಂಟ್. ನಾನು ಹೋಗಿ ಪ್ಯಾಡ್ ಕೇಳಿದರೆ ಅವನು ಕಣ್ಣು ಕೆಳಗೆ ಹಾಕಿ, "ಯಾರಿಗೆ ಟೀಚರ್?" ಎಂದು ಕೂಡ ಕೇಳದೆ ಕಟ್ಟಿಕೊಡುತ್ತಿದ್ದ. ಅವನು ಕೇಳದೇ ಇರುವುದನ್ನು ನನ್ನಿಂದ ತಡೆದುಕೊಳ್ಳಲು ಆಗುತ್ತಿರಲಿಲ್ಲ. ಸೆಬಿಯ ಹಳೆಯ ಬಿಳಿ ಪಂಚೆಯೊಂದನ್ನು ಹರಿದು ಚೌಕ ಮಾಡಿಕೊಂಡೆ. ಬೋರ್ಡಿಂಗಿನಲ್ಲಿ ಸಿಸ್ಟರ್ ಕಲಿಸಿದ ಹಾಗೆಯೇ ತಣ್ಣೀರಲ್ಲಿ ಒಗೆದು, ಪೆಟಿಕೋಟಿನ ಕೆಳಗೆ ಮುಚ್ಚಿ ಒಣಗಿಸಿದೆ. ಹದಿಮೂರನೇ ವಯಸ್ಸಿನಲ್ಲಿ ಕಲಿತ ವಿದ್ಯೆ. ಕೈ ಮರೆತಿರಲಿಲ್ಲ.

ಬೋಟಿನ ಬದುಕು ಅಂದರೆ ರಜೆ ಎಂದುಕೊಂಡವರಿಗೆ ಒಂದು ಮಾತು: ಇಟ್ ಈಸ್ ಹೌಸ್‌ಕೀಪಿಂಗ್, ಅದೂ ವಾಲುತ್ತಿರುವ ಮನೆಯಲ್ಲಿ. ನನ್ನ ಮಂಚದ ಅಗಲ ಚರ್ಚಿನ ಬೆಂಚಿನಷ್ಟು. ಉರುಳಿ ಬೀಳದಂತೆ ಪಕ್ಕಕ್ಕೆ ಕ್ಯಾನ್ವಾಸ್ ಪರದೆ ಬಿಗಿದಿದ್ದರು. ಒಲೆ ತೊಟ್ಟಿಲಿನಂತೆ ತೂಗುತ್ತಿತ್ತು. ಪಲಾವು ಗಿಲಾವು ಎಲ್ಲ ಬಿಟ್ಟು ಶಾಲಿನಿ ಮುದ್ದೆಗೆ ಬಂದು ನಿಂತಳು. "ಒಂದೇ ಪಾತ್ರೆ, ಒಂದೇ ಕೋಲು, ಹೊಟ್ಟೆ ತುಂಬ್ತದೆ. ತಟ್ಟೆ ಬಿಗಿಯಾಗ್ ಹಿಡ್ಕಳಿ ಅತ್ಯಮ್ಮ, ಮುದ್ದೆ ಉರುಳ್ಕಂಡು ಸಮುದ್ರಕ್ ಬಿದ್ದರೆ ಮೀನ್ಗೇನು ಸಾರು ನಾನ್ ಮಾಡಿಕೊಡ್ಲಾ?" ಹಗಲು ರಾತ್ರಿ ಗಂಡ ಹೆಂಡತಿ ನಾಲ್ಕು ನಾಲ್ಕು ಗಂಟೆ ಪಾಳಿ ಕಾಯುತ್ತಿದ್ದರು. ಒಂಬತ್ತರಿಂದ ಹನ್ನೊಂದು ನನ್ನ ಶಾಲೆ, ಒಬ್ಬಳೇ ಸ್ಟೂಡೆಂಟ್. ಪಾತ್ರೆ ಉಪ್ಪುನೀರಲ್ಲಿ ತೊಳೆದು ಅರ್ಧ ಮಗ್ ಸಿಹಿನೀರಲ್ಲಿ ಜಾಲಿಸುವುದು. ಸ್ನಾನಕ್ಕೂ ಉಪ್ಪುನೀರು, ಕೊನೆಗೆ ಎರಡು ಮಗ್ ಸಿಹಿನೀರು. ಬಟ್ಟೆ ಒಗೆತ ಬಂದರು ಮುಟ್ಟಿದ ಮೇಲೆ ಮಾತ್ರ. ಕಸವನ್ನು ಸಮುದ್ರಕ್ಕೆ ಎಸೆಯುವಂತಿಲ್ಲ. ಪ್ರತಿ ಚೂರನ್ನೂ ಶಾಲಿನಿ ವಿಂಗಡಿಸಿ ಚೀಲಕ್ಕೆ ತುಂಬುತ್ತಿದ್ದಳು. ಮೂವತ್ತೆಂಟು ಅಡಿ ಉದ್ದದ ಆ ಮನೆಯಲ್ಲಿ ಯಾರೂ ಏನನ್ನೂ ಬಚ್ಚಿಡುವಂತಿರಲಿಲ್ಲ. ನಾನು ಬಚ್ಚಿಡುತ್ತಿದ್ದೆ.

ನೀರಿನ ಲೆಕ್ಕ ಇಡುವ ಅಭ್ಯಾಸ ನಮ್ಮ ಮನೆಗೆ ಹೊಸದಲ್ಲ. ನಮ್ಮ ಕಡೆ ತೋಟದವರು ಬೆಳಿಗ್ಗೆ ಎದ್ದು ಹಲ್ಲುಜ್ಜುವ ಮುಂಚೆ ಮಳೆ ಅಳೆಯುವವರು. ಅಂಗಳದ ಮಳೆಮಾಪಕದಲ್ಲಿ ಬಿದ್ದ ನೀರನ್ನು ಗಾಜಿನ ಕೊಳವೆಗೆ ಸುರಿದು, ಇಷ್ಟು ಇಂಚು, ಇಂಚಿನ ನೂರರಲ್ಲೊಂದು ಪಾಲಾದ ಸೆಂಟ್ ಇಷ್ಟು ಎಂದು ಪುಸ್ತಕದಲ್ಲಿ ಬರೆಯುವುದು, ಆಮೇಲೆ ಪಕ್ಕದ ತೋಟಕ್ಕೆ ಫೋನ್ ಮಾಡಿ "ನಿಮಗೆಷ್ಟು?" ಎಂದು ಕೇಳುವುದು. ಸೆಬಿ ಹೋದ ಮೇಲೆ ಆ ಕೆಲಸ ಮಿನ್ನುವಿನದಾಯಿತು. ಅವಳು ಕೊಳವೆ ನೋಡಿ ಕೂಗುತ್ತಾಳೆ, ನಾನು ಬರೆಯುತ್ತೇನೆ. ನನ್ನ ರೂಲ್ ಒಂದೇ: ರಬ್ಬರ್ ಮುಟ್ಟುವಂತಿಲ್ಲ. ತಪ್ಪಾದರೆ ಒಂದೇ ಗೆರೆ ಎಳೆದು, ಹಳೆಯದೂ ಕಾಣುವ ಹಾಗೆ ಪಕ್ಕದಲ್ಲಿ ಸರಿಯಾದದ್ದನ್ನು ಬರೆದು, ಸಹಿ ಹಾಕಬೇಕು. ಬೋಟಿನಲ್ಲಿ ಇದೇ ಪದ್ಧತಿ ನೀರಿನ ಟ್ಯಾಂಕಿಗೆ ಬಂತು. ಬೆಳಿಗ್ಗೆ ಎಂಟಕ್ಕೆ ಮಿನ್ನು ಸೀಟಿನ ಕೆಳಗಿನ ಮುಚ್ಚಳ ತೆಗೆದು ಕಾಫಿ ಕಡ್ಡಿ ಇಳಿಸಿ, ಒದ್ದೆಯಾದ ಗೆರೆ ಎಣಿಸಿ ಕೂಗುವುದು, ನಾನು ಬರೆಯುವುದು. ಒಂದು ಗೆರೆಗೆ ಹತ್ತು ಲೀಟರ್. ನಾಲ್ಕು ಜನಕ್ಕೆ ದಿನಕ್ಕೆ ಒಂದು ಗೆರೆ, ಅದರ ಮೇಲೆ ಸ್ವಲ್ಪ.

ಲಂಕಾವಿ ಬಿಟ್ಟ ಎರಡನೇ ದಿನದಿಂದ ನನಗೆ ಸ್ರಾವ ಹೆಚ್ಚಾಯಿತು. ಬಕೆಟ್ಟಿಗೆ ಹಗ್ಗ ಕಟ್ಟಿ ಸಮುದ್ರದ ನೀರು ಎತ್ತಬಹುದಿತ್ತು, ಆದರೆ ಅದನ್ನು ಎಲ್ಲರ ಕಣ್ಣೆದುರು ಎತ್ತಬೇಕು. ಉಪ್ಪುನೀರಲ್ಲಿ ಒಗೆದ ಬಟ್ಟೆ ಒಣಗುವುದೂ ಇಲ್ಲ, ತೊಡೆ ತರಚುತ್ತದೆ. ಬಾತ್‌ರೂಮೆಂಬ ಆ ಗೂಡಿನೊಳಗೆ ಕಾಲಿನಿಂದ ಒತ್ತುವ ಸಿಹಿನೀರಿನ ಪಂಪಿತ್ತು. ರೋನಿ ಎಂಜಿನ್ ಹಾಕಿ ಬ್ಯಾಟರಿ ತುಂಬಿಸುವ ಹೊತ್ತು ನೋಡಿಕೊಂಡು, ಆ ಸದ್ದಿನಲ್ಲಿ ಪಂಪಿನ ಕೀರಲು ಮುಚ್ಚಿಹೋಗುವಂತೆ, ನಾನು ಒಗೆಯುತ್ತಿದ್ದೆ.

ಮೂರನೇ ಬೆಳಿಗ್ಗೆ ಮಿನ್ನು "ಇಪ್ಪತ್ತೇಳು" ಎಂದಳು. ಗೆರೆ ಬೇಗ ಇಳಿದಿತ್ತು. ಅರ್ಧ ಸೇರಿಸಿ ಬರೆದೆ. ಮಾರನೆಯ ದಿನ ಒಂದು ಸೇರಿಸಿದೆ. ಐದನೆಯ ದಿನ ಅವಳು "ಇಪ್ಪತ್ನಾಲ್ಕು" ಎಂದು ಕೂಗಿದಾಗ ನಾನು ಇಪ್ಪತ್ತಾರು ಎಂದು ಬರೆದೆ. ನನ್ನ ಕೈಬರಹ ಚೆನ್ನಾಗಿದೆ ಎಂದು ಊರೆಲ್ಲ ಹೇಳುತ್ತಾರೆ. ಆ ಇಪ್ಪತ್ತಾರು ಬಹಳ ದುಂಡಗಿತ್ತು.

ಆರನೆಯ ದಿನ ಗಾಳಿ ಸತ್ತುಹೋಯಿತು. ಹಾಯಿ ಒಗೆದ ಬೆಡ್‌ಶೀಟಿನಂತೆ ಜೋತುಬಿತ್ತು. ಶ್ರೀಲಂಕಾ ಮುಟ್ಟಲು ಇನ್ನು ನಾಲ್ಕು ದಿನ ಎಂದಿದ್ದದ್ದು ಆರಾಗಬಹುದು, ಏಳಾಗಬಹುದು ಎಂದು ರೋನಿ ತಾನೇ ಕಡ್ಡಿ ಇಳಿಸಿದ. ಇಪ್ಪತ್ತೆರಡೂವರೆ. ಪುಸ್ತಕ ತಿರುಗಿಸಿ ನೋಡಿದ. ಮತ್ತೆ ಕಡ್ಡಿ ಇಳಿಸಿದ.

"ಶಾಲೂ, ಒಂದೇ ದಿನಕ್ಕೆ ಮೂರೂವರೆ ಗೆರೆ ಹೋಗಿದೆ. ಟ್ಯಾಂಕ್ ಸೋರ್ತಿದೆ."

ಅವನು ನೆಲದ ಹಲಗೆಗಳನ್ನು ಕಿತ್ತ. ಬೋಟಿನ ತಳದಲ್ಲಿ ಒಂದಿಷ್ಟು ನೀರು ನಿಂತಿತ್ತು. ಬೆರಳು ಅದ್ದಿ ನಾಲಗೆಗೆ ಹಚ್ಚಿಕೊಂಡ. "ಉಪ್ಪು." ಇನ್ನೊಂದು ಕಡೆ ಅದ್ದಿದ. "ಇದೂ ಉಪ್ಪು." ಅಂದರೆ ಟ್ಯಾಂಕು ಸೋರುತ್ತಿಲ್ಲ. ಬಾಯಾರಿ ಸಾಯುವಷ್ಟು ಕೊರತೆಯೇನೂ ಇರಲಿಲ್ಲ. ಕ್ಯಾನುಗಳಲ್ಲಿ ಬೇರೆ ನೀರಿತ್ತು. ಆದರೆ ಎಷ್ಟಿದೆ ಎಂದು ಗೊತ್ತಿಲ್ಲದೆ ಇರುವುದೇ ಸಮುದ್ರದಲ್ಲಿ ಅಪಾಯ ಎಂದು ಅವನು ಮೊದಲ ದಿನವೇ ಎಲ್ಲರಿಗೂ ಹೇಳಿದ್ದ.

"ಮಿನ್ನೂ, ಗೆರೆ ಎಣಿಸೋಕೆ ಬರಲ್ವಾ ನಿಂಗೆ? ಆಟ ಅಂದ್ಕೊಂಡಿದೀಯಾ ಇದು?"

"ನಾನು ಸರಿಯಾಗೇ ಎಣಿಸಿದ್ದೆ ಪಪ್ಪಾ. ನಿನ್ನೆ ಇಪ್ಪತ್ನಾಲ್ಕು ಇತ್ತು."

"ಇಲ್ಲಿ ಇಪ್ಪತ್ತಾರು ಅಂತಿದೆ!"

ಮಿನ್ನು ನನ್ನ ಕಡೆ ತಿರುಗಿದಳು. "ಗ್ರ್ಯಾನಿ, ನಾನು ಇಪ್ಪತ್ನಾಲ್ಕು ಅಂದೆ ಅಲ್ವಾ?"

ನನ್ನ ಮಡಿಲಲ್ಲಿ ಪೆನ್ಸಿಲಿತ್ತು. ನಾನು ಹೇಳಿದೆ, "ನೀನು ಹೇಳಿದ್ದನ್ನೇ ಬರೆದಿದ್ದೀನಿ, ಚೈಲ್ಡ್."

ಅವಳು ಅಳಲಿಲ್ಲ. ಅತ್ತಿದ್ದರೆ ಚೆನ್ನಾಗಿತ್ತು. ರೋನಿ ಕಡ್ಡಿಯನ್ನು ಅವಳ ಕೈಯಿಂದ ತೆಗೆದುಕೊಂಡು ಮೇಲಿನ ಕೊಂಡಿಗೆ ಸಿಕ್ಕಿಸಿದ. "ಇನ್ಮೇಲೆ ನಾನೇ ನೋಡ್ಕೋತೀನಿ." ಅವಳು ಬೋಟಿನ ಮೂತಿಯ ಕಡೆಯ ತನ್ನ ಗೂಡಿಗೆ ಹೋಗಿ ಗೋಡೆಗೆ ಮುಖ ಮಾಡಿ ಮಲಗಿದಳು. ಅವತ್ತು ಶಾಲೆ ನಡೆಯಲಿಲ್ಲ. ಮಧ್ಯಾಹ್ನ ಶಾಲಿನಿ ಮುದ್ದೆ ಕೊಟ್ಟರೆ ಅರ್ಧ ಬಿಟ್ಟಳು.

ಜಪಮಾಲೆ ಹಿಡಿದು ಕೂತೆ. ಪ್ರತಿ ಮಣಿಗೂ ಅವಳ ಆ ಒಂದೇ ಪ್ರಶ್ನೆ.

ಮಾರನೆಯ ಬೆಳಿಗ್ಗೆ ಆರಕ್ಕೆ, ಆಕಾಶ ಬೂದಿಯ ಬಣ್ಣಕ್ಕಿದ್ದಾಗ, ಮೆಟ್ಟಿಲು ಹತ್ತಿ ಮೇಲೆ ಹೋದೆ. ಶಾಲಿನಿಯ ಪಾಳಿ. ಒದ್ದೆ ಬಟ್ಟೆಯ ಚೌಕವನ್ನು ಅವಳ ಎದುರು ಬಿಡಿಸಿದೆ. ಪೂರ್ತಿ ಹೋಗದ ಕಲೆ. ಅವಳು ಅದನ್ನು ನೋಡಿದಳು, ನನ್ನನ್ನು ನೋಡಿದಳು, ಬೋಟು ತಿರುಗಿಸುವ ಸುಕ್ಕಾನಿನ ಮೇಲಿನ ಕೈ ಮಾತ್ರ ತೆಗೆಯಲಿಲ್ಲ.

"ಯಾವಾಗ್ಲಿಂದ ಅತ್ಯಮ್ಮ?"

"ಕ್ರಿಸ್‌ಮಸ್ಸಿಗೂ ಮುಂಚೆ."

"ಅಯ್ಯೋ ನನ್ ಶಿವ್ನೇ." ಜೋತುಬಿದ್ದ ಹಾಯಿಯತ್ತ ಒಮ್ಮೆ ನೋಡಿ, "ನಮ್ ಪಾಳ್ಯದ್ ದೊಡ್ಡವ್ವಂಗೂ ಹಿಂಗೇ..." ಎಂದವಳು ಅಲ್ಲಿಗೇ ನಿಲ್ಲಿಸಿದಳು. ದೊಡ್ಡವ್ವನಿಗೆ ಏನಾಯಿತೆಂದು ಇವತ್ತಿನವರೆಗೂ ಹೇಳಿಲ್ಲ, ನಾನೂ ಕೇಳಿಲ್ಲ.

"ನೀರು?" ಎಂದಳು.

"ನಾನೇ. ಪುಸ್ತಕಾನೂ ನಾನೇ."

ಆಗ ಅವಳ ಮುಖ ಗಟ್ಟಿಯಾಯಿತು. ಕಾಯಿಲೆಗೆ ಆಗದಷ್ಟು ಇದಕ್ಕಾಯಿತು. "ನೀವು ಒಂದ್ ಟ್ಯಾಂಕ್ ನೀರ್ನೆಲ್ಲ ಚೆಲ್ಬುಟ್ಟಿದ್ರೂ ನಾನೇನೂ ಅಂತಿರ್ಲಿಲ್ಲ ಕಣ್ರೀ. ಮಗೀನ್ ಬಾಯಿಗೆ ಸುಳ್ ತುರುಕ್ಬುಟ್ರಲ್ಲ. ಮೊದ್ಲು ಹೋಗಿ ಅವ್ಳಿಗ್ ಹೇಳಿ. ಡಾಕ್ಟ್ರು ಆಮೇಲೆ. ಇಲ್ಲಿ ಯಾವ್ ಡಾಕ್ಟ್ರೂ ಈಜ್ಕಂಡ್ ಬರಲ್ಲ."

ಇಳಿದು ಹೋಗಿ ಮಿನ್ನುವಿನ ಪಕ್ಕ ಕುಳಿತೆ. ಅಜ್ಜಿಗೆ ಹುಷಾರಿಲ್ಲ, ಅದನ್ನು ಮುಚ್ಚಿಡಲು ನೀರು ಕದ್ದೆ, ಅದನ್ನು ಮುಚ್ಚಿಡಲು ತಪ್ಪು ಬರೆದೆ, ಅದನ್ನು ಮುಚ್ಚಿಡಲು ನಿನ್ನ ಮೇಲೆ ಹಾಕಿದೆ ಎಂದೆ. ಅವಳು ಎಲ್ಲವನ್ನೂ ಕೇಳಿಸಿಕೊಂಡಳು.

"ಹಾಗಾದ್ರೆ ನಾನು ಸರಿಯಾಗಿ ಎಣಿಸಿದ್ನಾ?"

"ಹೌದು."

"ಎಲ್ಲಾ ದಿನಾನೂ?"

"ಎಲ್ಲಾ ದಿನಾನೂ."

"ಪುಸ್ತಕದಲ್ಲಿ ತಿದ್ದಿ."

ತಿದ್ದಿದೆ. ಮೂರು ಕಡೆ ಒಂದೊಂದು ಗೆರೆ ಎಳೆದು, ಪಕ್ಕದಲ್ಲಿ ಅವಳು ಕೂಗಿದ್ದ ಅಂಕಿ ಬರೆದು, ಸಹಿ ಹಾಕಿದೆ. ಅವಳು ಆ ಪುಸ್ತಕವನ್ನು ಅಪ್ಪನ ಹತ್ತಿರ ತಾನೇ ಒಯ್ದಳು. ರೋನಿ ಓದಿದ, ನನ್ನ ಕಡೆ ನೋಡಲಿಲ್ಲ. ಕೊಂಡಿಯಿಂದ ಕಡ್ಡಿ ತೆಗೆದು ಮಗಳ ಕೈಗೆ ಕೊಟ್ಟ, ಎಂಜಿನ್ ಹಾಕಿದ. ದಡ ಮುಟ್ಟಲು ಇದ್ದ ಡೀಸೆಲನ್ನೆಲ್ಲ ಸುಟ್ಟ ಆ ಐದು ದಿನ ಅವನು ನನ್ನ ಜೊತೆ ಆಡಿದ್ದು ಹೆಚ್ಚೆಂದರೆ ಇಪ್ಪತ್ತು ಮಾತು. ಆದರೆ ಪ್ರತಿದಿನ ನನ್ನ ಗೂಡಿನ ಬಾಗಿಲಲ್ಲಿ ಒಂದು ಬಕೆಟ್ ಸಿಹಿನೀರು ಇರುತ್ತಿತ್ತು. ಅವನು ಸ್ನಾನ ಬಿಟ್ಟಿದ್ದ ಎಂದು ಶಾಲಿನಿ ಆಮೇಲೆ ಹೇಳಿದಳು.

ಶ್ರೀಲಂಕಾದಲ್ಲಿ ಅವನು ಬೋಟಿನ ಜೊತೆ ಉಳಿದ. ನಾವು ಮೂವರು ಬೆಂಗಳೂರಿಗೆ ಹಾರಿ, ಅಲ್ಲಿಂದ ಮಂಗಳೂರಿನ ಆಸ್ಪತ್ರೆಗೆ ಕಾರಿನಲ್ಲಿ ಹೊರಟೆವು. ಪಾಳ್ಯದಿಂದ ಶಾಲಿನಿಯ ಅವ್ವ ಆಲೂರಿನ ರಸ್ತೆಯವರೆಗೆ ಬಂದು ಮಿನ್ನುವನ್ನು ಇಳಿಸಿಕೊಂಡರು. ಸಕಲೇಶಪುರದಲ್ಲಿ ಒಂದು ಕಾಫಿಗೂ ನಿಲ್ಲಿಸಲಿಲ್ಲ. ಯೂಸುಫ್‌ನ ಅಂಗಡಿಯ ಷಟರ್ ಅರ್ಧ ಎತ್ತಿತ್ತು. ಮನೆಯ ಹತ್ತಿರವೇ ಹಾದು ಹೋಗಿ ಮನೆಗೆ ಹೋಗದೆ ಇರುವುದು ಹೇಗಿರುತ್ತದೆಂದು ಶಿರಾಡಿ ಘಾಟಿಯ ಪ್ರತಿ ತಿರುವಿನಲ್ಲೂ ಗೊತ್ತಾಯಿತು.

ಡಾಕ್ಟರಮ್ಮ ಚಿಕ್ಕ ವಯಸ್ಸಿನವರು. ಎಷ್ಟು ದಿನದಿಂದ ಎಂದು ಕೇಳಿದರು. ಎರಡು ತಿಂಗಳು ದಾಟಿತು ಎಂದೆ. ಮುಖದಲ್ಲಿ ಏನೂ ತೋರಿಸದೆ, ನಾನು ಹೇಳಿದ್ದನ್ನೇ ಬರೆದುಕೊಂಡರು. ಗರ್ಭಕೋಶ ತೆಗೆದರು. ರಿಪೋರ್ಟ್ ಬಂದಾಗ, ಕ್ಯಾನ್ಸರ್ ಗರ್ಭಕೋಶದಾಚೆಯ ಗಂಟುಗಳಿಗೂ ಹೋಗಿತ್ತು. "ಕ್ರಿಸ್‌ಮಸ್ಸಿನಲ್ಲೇ ಬಂದಿದ್ದರೆ?" ಎಂದು ಕೇಳಿದೆ. "ಅದನ್ನ ಈಗ ಹೇಳೋಕಾಗಲ್ಲ ಆಂಟಿ," ಎಂದರು. ಕೈಂಡ್ ಆನ್ಸರ್. ನಾನೂ ಟೀಚರ್, ಮಕ್ಕಳಿಗೆ ಅಂಥ ಉತ್ತರ ಕೊಟ್ಟವಳೇ.

ರೇಡಿಯೇಷನ್ನಿಗೆ ಐದು ವಾರ ದಿನಾ ಹೋಗಬೇಕಿತ್ತು. ಹೊಟ್ಟೆಯ ಮೇಲೆ ಇಂಕಿನಲ್ಲಿ ಗೆರೆ ಹಾಕಿ, ತೊಳೆಯಬೇಡಿ ಎಂದರು. ಒಳಗೆ ಕರೆಯುವ ಮುಂಚೆ ಮೂರು ಲೋಟ ನೀರು ಕುಡಿದು ತಡೆದುಕೊಂಡು ಕೂರಬೇಕು. ಸ್ಟೀಲ್ ಲೋಟ ಹಿಡಿದು ಸಾಲಾಗಿ ಕೂತ ಹೆಂಗಸರು. ಯಾರೂ ಯಾರನ್ನೂ ನೋಡುತ್ತಿರಲಿಲ್ಲ. ಮೊದಲ ದಿನ ಎರಡನೇ ಲೋಟವನ್ನು ಅರ್ಧಕ್ಕೇ ಕೆಳಗಿಟ್ಟೆ. ಪಕ್ಕದವಳು ಮೊಣಕೈಯಿಂದ ತಿವಿದಳು.

"ಕುಡೀರಿ ಕಣಮ್ಮ, ಬಿಟ್ಟಿ ನೀರು. ನಿಮ್ದೂ ಗರ್ಭಕೋಶದ್ದಾ?"

ಮಗ್ಗೆಯ ನಿಂಗಮ್ಮ. ಮಾತಿಗೆ ಮಾತು ಬೆಳೆದು ನನ್ನ ಸೊಸೆಯೂ ಅವಳ ಆಲೂರು ತಾಲ್ಲೂಕಿನವಳೇ ಎಂದು ತಿಳಿದ ಮೇಲೆ ಅವಳ ಬಾಯಿಗೆ ತಡೆಯೇ ಇರಲಿಲ್ಲ. "ಯಾರ್ಗೂ ಹೇಳ್ಬ್ಯಾಡ ಅಂತ ನಮ್ಮತ್ತೆ ಬಾಯ್ಬಡ್ಕಂಡ್ಳು. ನಾನು ಬಸ್ ಹತ್ತಿದ್ದೇ ಎಲ್ರಿಗೂ ಹೇಳ್ಬುಟ್ಟೆ. ಕಿಟಕಿ ಸೀಟು ಬುಟ್ಕೊಟ್ರು! ನೀವ್ ಯಾರ್ಗೆ ಹೇಳುದ್ರಿ?"

"ಮೊಮ್ಮಗಳಿಗೆ. ತಡವಾಗಿ."

"ಬೋದ್ಲಾ?"

"ಬೈಯಲಿಲ್ಲ."

"ಹಂಗಾರೆ ಇನ್ನೂ ಸಿಟ್ಟೈತೆ," ಎಂದು ನಿಂಗಮ್ಮ ಮೂರನೇ ಲೋಟ ಗಟಗಟ ಮುಗಿಸಿದಳು.

ಆ ಹದಿನೈದು ಇಪ್ಪತ್ತು ದಿನ ನನ್ನನ್ನು ಹಿಡಿದು ನಿಲ್ಲಿಸಿದ್ದು ಅವಳೇ. ನಾಲ್ಕನೇ ವಾರದ ಸೋಮವಾರ ಅವಳ ಕುರ್ಚಿಯಲ್ಲಿ ಬೇರೆ ಯಾರೋ ಕೂತಿದ್ದರು. ಮಂಗಳವಾರವೂ ಬರಲಿಲ್ಲ. ಕೌಂಟರಿನಲ್ಲಿ ಕೇಳಿದರೆ, ಬೇರೆ ಪೇಷೆಂಟಿನ ವಿಷಯ ಹೇಳುವಂತಿಲ್ಲ ಎಂದರು. ಆಮೇಲೆ ಅವಳ ಸುದ್ದಿ ನನಗೆ ಸಿಕ್ಕಿಲ್ಲ. ಮಗ್ಗೆ ನಮ್ಮಿಂದ ದೂರವಲ್ಲ. ಹೋಗಿ ಕೇಳಬಹುದು. ಇನ್ನೂ ಹೋಗಿಲ್ಲ. ಗೊತ್ತಿಲ್ಲದೆ ಇರುವುದು ಅಪಾಯ ಎಂದು ಅಷ್ಟು ಕಲಿತ ಮೇಲೂ, ಹೋಗಿಲ್ಲ.

ಮನೆಗೆ ಬಂದಾಗ ನಾನು ಬಟ್ಟೆ ನೇತುಹಾಕುವ ಹ್ಯಾಂಗರಿನಂತಾಗಿದ್ದೆ. ರೋನಿ ಅಷ್ಟರಲ್ಲಿ ಬೋಟನ್ನು ಕೊಚ್ಚಿಗೆ ತಂದು ದಡಕ್ಕೆತ್ತಿಸಿ ಬಂದಿದ್ದ. ಟಾರ್ಪಾಲಿನ್ ಹೊದ್ದು ಅದು ಅಲ್ಲೇ ನಿಂತಿದೆ. ನನ್ನ ಎದುರು ಅದರ ಮಾತೆತ್ತುವುದಿಲ್ಲ, ಸಿಳ್ಳೆಯನ್ನೂ ಹಾಕುವುದಿಲ್ಲ. ಶಾಲಿನಿ ಮಾತ್ರ ಎಂದಿನಂತೆಯೇ ಇದ್ದಾಳೆ. ನನ್ನ ಬಾತ್‌ರೂಮಿನ ಚಿಲಕವನ್ನು ಸ್ಕ್ರೂಡ್ರೈವರ್ ಹಿಡಿದು ಕಿತ್ತುಹಾಕಿದಳು. "ಬಾಗ್ಲು ಮುಂದ್ ಮಾಡ್ಕಳಿ ಸಾಕು." ಮೊದಲು ಅವಮಾನವಾಯಿತು. ಈಗ ಆ ಚಿಲಕವಿಲ್ಲದ ಬಾಗಿಲು ಕಂಡರೆ ಒಂದು ರೀತಿಯ ಧೈರ್ಯ.

ಮಿನ್ನು ದಿನಾ ಮಳೆಮಾಪಕ ನೋಡುತ್ತಿದ್ದಳು. ಪುಸ್ತಕವನ್ನು ತನ್ನ ಕೋಣೆಗೆ ಒಯ್ದಿದ್ದಳು. ತಾನೇ ಓದಿ, ಕೂಗದೆ, ತಾನೇ ಬರೆಯುತ್ತಿದ್ದಳು. ನನ್ನ ಜೊತೆ ಮಾತಾಡುತ್ತಿದ್ದಳು, ಪಾಠ ಕೇಳುತ್ತಿದ್ದಳು, ಗುಡ್‌ನೈಟ್ ಕಿಸ್ ಕೊಡುತ್ತಿದ್ದಳು. ಪುಸ್ತಕ ಮಾತ್ರ ಕೊಡಲಿಲ್ಲ. ಮುಂಗಾರು ಕಳೆಯಿತು, ಕುಯ್ಲು ಮುಗಿಯಿತು. ನಾನು ಕೇಳಲಿಲ್ಲ, ಯಾವ ಮುಖದಿಂದ ಕೇಳಲಿ?

ಕಳೆದ ತಿಂಗಳ ಚೆಕಪ್ಪಿನಲ್ಲಿ ಶ್ವಾಸಕೋಶದಲ್ಲಿ ಎರಡು ಚುಕ್ಕೆ ಕಂಡವು. ಮಾತ್ರೆ ಇದೆ, ಮಾತ್ರೆಯಿಂದ ಸ್ವಲ್ಪ ಕಾಲ ಸಿಗುತ್ತದೆ, ಎಷ್ಟು ಎಂದು ಹೇಳಲಾಗದು ಎಂದರು ಡಾಕ್ಟರಮ್ಮ. ಪಾರ್ಕಿಂಗಿನಲ್ಲಿ ಕಾದಿದ್ದ ರೋನಿಗೆ ಕಾರಿನ ಬಾಗಿಲು ತೆಗೆಯುವ ಮೊದಲೇ ಹೇಳಿದೆ. ಶಾಲಿನಿಗೆ ಫೋನಿನಲ್ಲಿ ಹೇಳಿದೆ. ಸಂಜೆ ಮನೆಗೆ ಬಂದು, ಚಪ್ಪಲಿ ಬಿಡುವ ಮೊದಲು, ಮಿನ್ನುವಿಗೆ ಹೇಳಿದೆ.

"ಎಷ್ಟು ಚುಕ್ಕೆ?"

"ಎರಡು."

"ಎಷ್ಟು ದೊಡ್ಡದು?"

ರಿಪೋರ್ಟ್ ತೆಗೆದು ಅವಳ ಕೈಗೇ ಕೊಟ್ಟೆ. ಬೆರಳಿಟ್ಟು ಆ ಎರಡು ಅಂಕಿಗಳನ್ನು ಓದಿ, ಮಡಚಿ ವಾಪಸು ಕೊಟ್ಟಳು.

ಮೊನ್ನೆ ಈ ವರ್ಷದ ಹೂಮಳೆ ಬಿತ್ತು. ಕಾಫಿ ಮೊಗ್ಗು ಬಿಚ್ಚಲು ಕಾಯುವ ಆ ಒಂದು ಮಳೆ. ಬೆಳಿಗ್ಗೆ ಎಂಟಕ್ಕೆ ನಾನು ಜಗಲಿಯಲ್ಲಿ ಶಾಲು ಹೊದ್ದು ಕೂತಿದ್ದೆ. ಮಿನ್ನು ಅಂಗಳದಲ್ಲಿ ಗಾಜಿನ ಕೊಳವೆಯನ್ನು ಕಣ್ಣಿನ ನೇರಕ್ಕೆ ಎತ್ತಿ ಹಿಡಿದು ಕೂಗಿದಳು.

"ಎಂಬತ್ನಾಲ್ಕು ಸೆಂಟ್!"

ಕೂಗಿದಳು! ಒಂದು ವರ್ಷದಿಂದ ಕೇಳದ ದನಿ. ಕೊಳವೆ ಚೆಲ್ಲದೆ, ಹಾಗೇ ಎಡಗೈಯಲ್ಲಿ ಹಿಡಿದುಕೊಂಡು ಬಂದು, ಬಲ ಕಂಕುಳಿಂದ ಪುಸ್ತಕ ತೆಗೆದು ನನ್ನ ತೊಡೆಯ ಮೇಲಿಟ್ಟಳು. ಮೇಲೆ ಪೆನ್ಸಿಲ್.

ಬರೆದೆ. ಅಂಕಿ ಮೊದಲಿನಷ್ಟು ದುಂಡಗೆ ಬರಲಿಲ್ಲ. ಸೊನ್ನೆ, ಚುಕ್ಕೆ, ಎಂಟು, ನಾಲ್ಕು. ಅವಳು ಅಲ್ಲಿಂದ ಕದಲಲಿಲ್ಲ. ನನ್ನ ಭುಜದ ಮೇಲಿನಿಂದ ಬಗ್ಗಿ ನಾನು ಬರೆದದ್ದನ್ನು ನೋಡಿದಳು, ಆಮೇಲೆ ಕೈಯಲ್ಲಿದ್ದ ಕೊಳವೆಯನ್ನು ನೋಡಿದಳು.

"ಸರಿಯಿದೆಯಾ?" ಎಂದೆ.

"ತಡೀರಿ," ಎಂದಳು. "ಇನ್ನೊಂದ್ಸಲ ನೋಡ್ತೀನಿ."